ಎಂಜಿನ್ನಿಗೊಂದು ತಂಪು ದಾರಿ

ತುಮಕೂರಿನ ಶೆಟ್ಟಿಹಳ್ಳಿಯಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸಾಧಾರಣ ಪೆಟ್ರೋಲ್ ಕಾರಿಗೆ ಅಷ್ಟು ದೂರಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್ ಸಾಕು. ಆ ಒಂದು ಲೀಟರ್ ಉರಿಯಬೇಕಾದರೆ ಎಷ್ಟು ಗಾಳಿ ಬೇಕು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿರುವುದಿಲ್ಲ. ತೂಕದಲ್ಲಿ ಹತ್ತು-ಹನ್ನೊಂದು ಕಿಲೋ. ಅಳತೆಯಲ್ಲಿ ಸುಮಾರು ಹತ್ತು ಸಾವಿರ ಲೀಟರ್. ಬೇಸಿಗೆಯಲ್ಲಿ ಬಡಾವಣೆಗೆ ನೀರು ತರುತ್ತದಲ್ಲ, ಅಂಥ ದೊಡ್ಡ ಟ್ಯಾಂಕರಿನ ತುಂಬ ಹಿಡಿಸುವಷ್ಟು ಗಾಳಿ ಬಾನೆಟ್ಟಿನ ಕೆಳಗಿನ ಕಪ್ಪು ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ನುಗ್ಗಿ, ಏರ್ ಫಿಲ್ಟರ್ ದಾಟಿ, ಸಿಲಿಂಡರ್ ಸೇರಿ, ಸೈಲೆನ್ಸರಿನಿಂದ ಹೊರಬಿದ್ದಿರುತ್ತದೆ.

ಪೆಟ್ರೋಲ್ ಯಾವ ಬಂಕಿನದು, ಆಯಿಲ್ ಯಾವ ಕಂಪನಿಯದು ಎಂದು ತಲೆಕೆಡಿಸಿಕೊಳ್ಳುವ ಮಾಲೀಕರು ಈ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಬಗ್ಗಿ ನೋಡುವುದು ಅಪರೂಪ. ನೋಡಿದವರಲ್ಲಿ ಕೆಲವರು ತಕ್ಷಣ ಏನಾದರೂ ಮಾಡಲು ಹೊರಡುತ್ತಾರೆ. ಪೈಪು ಬದಲಾಯಿಸುವುದು, ತಗಡು ಅಡ್ಡ ಇಡುವುದು, ಬಂಪರಿಗೆ ತೂತು ಕೊರೆಯುವುದು, ಆನ್‌ಲೈನಿನಲ್ಲಿ ಹೊಳೆಯುವ ಕೋನ್ ಫಿಲ್ಟರ್ ತರಿಸುವುದು. ಎಂಜಿನ್ನಿಗೆ ತಂಪು ಗಾಳಿ ಕೊಟ್ಟರೆ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆಯಲ್ಲಿ ಸತ್ಯವಿದೆ. ಆ ಸತ್ಯದ ಅಳತೆ ಎಷ್ಟು, ಅದನ್ನು ಕಡಿಮೆ ಖರ್ಚಿನಲ್ಲಿ ಪಡೆಯುವುದು ಹೇಗೆ, ಎಲ್ಲಿ ಕೈ ಇಡಬಾರದು ಎಂಬುದು ಬೇರೆ ವಿಷಯ.

ಬಿಸಿಯಾದರೆ ತೆಳುವಾಗುತ್ತದೆ

ಎಂಜಿನ್ನಿಗೆ ಬೇಕಾಗಿರುವುದು ಗಾಳಿಯಲ್ಲಿರುವ ಆಮ್ಲಜನಕ. ಸಿಲಿಂಡರಿನ ಗಾತ್ರ ಬದಲಾಗುವುದಿಲ್ಲ. ಪ್ರತಿ ಸಲ ಅದು ಎಳೆದುಕೊಳ್ಳುವ ಗಾಳಿಯ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಗಾಳಿ ಬಿಸಿಯಾದಂತೆ ಹಿಗ್ಗುತ್ತದೆ, ಅದೇ ಗಾತ್ರದಲ್ಲಿ ತೂಕ ಕಡಿಮೆಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಹೊರಗೆ 35 ಡಿಗ್ರಿ ಇರುವ ಮಧ್ಯಾಹ್ನ ಎಂಜಿನ್ 60 ಡಿಗ್ರಿಯ ಗಾಳಿ ಕುಡಿಯುತ್ತಿದ್ದರೆ ಪ್ರತಿ ಗುಟುಕಿನಲ್ಲೂ ಶೇ 7ರಿಂದ 8ರಷ್ಟು ಕಡಿಮೆ ಗಾಳಿ ಸಿಗುತ್ತದೆ.

ಶಕ್ತಿಯೂ ಅಷ್ಟೇ ಇಳಿಯುತ್ತದೆಯೇ? ಇಲ್ಲ. ಬಿಸಿಗಾಳಿ ಸಿಲಿಂಡರಿನ ಗೋಡೆ, ವಾಲ್ವುಗಳಿಂದ ಮತ್ತೆ ಹೀರುವ ಶಾಖ ಕಡಿಮೆ. ಹಾಗಾಗಿ ನಷ್ಟದ ಒಂದು ಪಾಲು ಅಲ್ಲೇ ತುಂಬಿಕೊಳ್ಳುತ್ತದೆ. ಎಂಜಿನ್ನುಗಳ ಶಕ್ತಿ ಅಳೆಯಲು ಬಳಸುವ ಐಎಸ್ಒ 1585 ಎಂಬ ಮಾನದಂಡದ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಈ 25 ಡಿಗ್ರಿಯ ವ್ಯತ್ಯಾಸದಲ್ಲಿ ಕಳೆದುಹೋಗುವುದು ಶೇ 4ರಿಂದ 5. ಎಂಪಿಎಫ್‌ಐ ಮಾರುತಿ 800ರ 37 ಅಶ್ವಶಕ್ತಿಯಲ್ಲಿ ಅದು ಒಂದೂವರೆ ಅಶ್ವಶಕ್ತಿಗಿಂತ ಚೂರು ಹೆಚ್ಚು. ಈಗಿನ 90 ಅಶ್ವಶಕ್ತಿಯ ಕಾರಿನಲ್ಲಿ ನಾಲ್ಕು. ಮನೆಯಲ್ಲಿ ಏನೇ ಕೈಕೆಲಸ ಮಾಡಿದರೂ ವಾಪಸು ಸಿಗಬಹುದಾದ ಲಾಭದ ಮೇಲ್ಮಿತಿ ಇಷ್ಟೇ. 20 ಅಶ್ವಶಕ್ತಿ ಹೆಚ್ಚುತ್ತದೆ ಎಂದು ಡಬ್ಬದ ಮೇಲೆ ಬರೆದುಕೊಂಡು ಬರುವ ಫಿಲ್ಟರುಗಳನ್ನು ಅಳೆಯಲು ಈ ಸಂಖ್ಯೆ ನೆನಪಿರಬೇಕು.

ತುಮಕೂರಿನವರಿಗೆ ಇನ್ನೊಂದು ಲೆಕ್ಕವೂ ಇದೆ. ಊರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಸುಮಾರು ಶೇ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಕರಾವಳಿಯಲ್ಲಿ ಚುರುಕಾಗಿದ್ದು ಇಲ್ಲಿ ಸ್ವಲ್ಪ ಮಂಕಾದಂತೆ ಅನ್ನಿಸಿದರೆ ಅದು ಭ್ರಮೆಯಲ್ಲ. ಎತ್ತರ ಕದ್ದದ್ದನ್ನು ತಗಡು, ಪೈಪುಗಳು ಹಿಂದಿರುಗಿಸಲಾರವು. ಶಾಖ ಕದ್ದದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ಪಡೆಯಬಹುದು, ಅಷ್ಟೆ.

ಶಾಖ ಮತ್ತು ಎತ್ತರ ಎರಡೂ ಸೇರಿದಾಗ ಆಗುವ ತೊಂದರೆಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಳ್ಳುವವರು ಹೆಲಿಕಾಪ್ಟರ್ ತಯಾರಕರು. ಅವರ ಕಾರ್ಖಾನೆಯೂ ಇದೇ ಸೀಮೆಯಲ್ಲಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎದ್ದಿರುವ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ತಯಾರಿಸಲು ಮೊದಲು ಆರಿಸಿಕೊಂಡ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ ಅನ್ನು 2019ರಲ್ಲಿ ಲೇಹ್ ಸೀಮೆಗೆ ಒಯ್ದು, ಎತ್ತರ ಮತ್ತು ಬಿಸಿ ಒಟ್ಟಿಗೆ ಇರುವ ಬೇಸಿಗೆಯಲ್ಲೇ ಹಾರಿಸಿ ಪರೀಕ್ಷಿಸಲಾಗಿತ್ತು. ತೆಳು ಗಾಳಿಯಲ್ಲಿ ಎಂಜಿನ್ನಿನ ಶಕ್ತಿಯೂ ಇಳಿಯುತ್ತದೆ, ರೆಕ್ಕೆಗೆ ಸಿಗುವ ಆಸರೆಯೂ ಇಳಿಯುತ್ತದೆ. ಕಾರಿನವರಿಗೆ ಎರಡನೆಯ ಚಿಂತೆ ಇಲ್ಲ.

ಮೈಲೇಜಿನ ಮಾತು

ತಂಪು ಗಾಳಿ ಕೊಟ್ಟರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಸಾಮಾನ್ಯ. ಇದು ಮಾತ್ರ ನಿಲ್ಲುವ ಮಾತಲ್ಲ.

ಪೆಟ್ರೋಲ್ ಕಾರಿನಲ್ಲಿ ವೇಗ ಹಿಡಿತಕ್ಕೆ ಬರುವುದೇ ಗಾಳಿಯನ್ನು ತಡೆಹಿಡಿಯುವುದರಿಂದ. ಎಕ್ಸಲರೇಟರ್ ಅರ್ಧ ಒತ್ತಿದಾಗ ಥ್ರಾಟಲ್ ಬಾಯಿ ಅರ್ಧ ಮುಚ್ಚಿರುತ್ತದೆ, ಎಂಜಿನ್ ಆ ಸಂದಿಯಿಂದ ಗಾಳಿಯನ್ನು ಕಷ್ಟಪಟ್ಟು ಎಳೆಯುತ್ತದೆ. ಗಂಟೆಗೆ 70 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಹೋಗುತ್ತಿರುವ ಕಾರಿಗೆ ಗಾಳಿಯ ಕೊರತೆಯೇನೂ ಇಲ್ಲ. ಅಲ್ಲಿ ದಟ್ಟ ಗಾಳಿ ಸಿಕ್ಕರೆ ಚಾಲಕ ಕಾಲನ್ನು ಇನ್ನಷ್ಟು ಎತ್ತುತ್ತಾನೆ, ಬಾಯಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಎಳೆಯುವ ಕಷ್ಟ ತುಸು ಹೆಚ್ಚೇ ಆಗುತ್ತದೆ. ಮೈಲೇಜಿನ ಹುಚ್ಚು ಹಿಡಿದ ಕೆಲವು ವಿದೇಶಿ ಹವ್ಯಾಸಿಗಳು ಇದೇ ಕಾರಣಕ್ಕೆ ಬೇಕೆಂದೇ ಬಿಸಿಗಾಳಿ ಕೊಡುವುದುಂಟು.

ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಯೂ ಇದನ್ನೇ ಬೇರೆ ದಿಕ್ಕಿನಿಂದ ತೋರಿಸಿತು. ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಏರ್ ಫಿಲ್ಟರ್ ತೆಗೆದು ಹೊಸದು ಹಾಕಿದರೂ ಮೈಲೇಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವೇಗ ಹಿಡಿಯಲು ಬೇಕಾದ ಸಮಯ ಮಾತ್ರ ಶೇ 6ರಿಂದ 11ರಷ್ಟು ಕಡಿಮೆಯಾಯಿತು. ಹಳೆಯ ಕಾರ್ಬ್ಯುರೇಟರ್ ಕಾರುಗಳ ಕಥೆ ಬೇರೆ, ಅವುಗಳಲ್ಲಿ ಫಿಲ್ಟರ್ ಬದಲಿಸಿದರೆ ಮೈಲೇಜ್ ಶೇ 2ರಿಂದ 6ರಷ್ಟು ಸುಧಾರಿಸಿತು.

ಹಾಗಾದರೆ ತಂಪು ಗಾಳಿಯ ಉಪಯೋಗ ಯಾವಾಗ? ಕಾಲು ಪೂರ್ತಿ ಒತ್ತಿದಾಗ. ಕುಣಿಗಲ್ ರಸ್ತೆಯಲ್ಲಿ ಕಾಯಿ ತುಂಬಿದ ಲಾರಿಯನ್ನು ಹಿಂದಿಕ್ಕುವಾಗ, ನಾಲ್ಕು ಜನ ಕೂತು ಎ.ಸಿ. ಹಾಕಿಕೊಂಡು ದೇವರಾಯನದುರ್ಗದ ಏರು ಹತ್ತುವಾಗ. ಇಂಥ ಹೊತ್ತಿನಲ್ಲಿ ಬಿಸಿಗಾಳಿ ಇನ್ನೊಂದು ಕೇಡನ್ನೂ ಮಾಡುತ್ತದೆ. ಸಿಲಿಂಡರಿನಲ್ಲಿ ಇಂಧನ ತಾನೇ ತಾನಾಗಿ ಹೊತ್ತಿಕೊಂಡು ಕಟಕಟ ಎನ್ನುವ ನಾಕಿಂಗ್ ಶುರುವಾಗುತ್ತದೆ. ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡ ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕಿಡಿ ಹಾರಿಸುವ ಗಳಿಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಶಬ್ದ ನಿಲ್ಲುತ್ತದೆ, ಜೊತೆಗೆ ಎಳೆತವೂ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಡಿ ಎಳೆಯುತ್ತಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಈ ಎರಡೂ ಕಾರಣ ಕೂಡಿರುತ್ತವೆ.

ಮೊದಲು ಅಳೆಯಬೇಕು

ಕೈಗೆ ಸ್ಪಾನರ್ ತೆಗೆದುಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಅಳತೆ. ಇದಕ್ಕೆ ಬೇಕಾದ ಸೆನ್ಸರ್ ಇಂಜೆಕ್ಷನ್ ಕಾರುಗಳಲ್ಲಿ ಆಗಲೇ ಇದೆ. ಒಳಬರುವ ಗಾಳಿಯ ಉಷ್ಣಾಂಶ ಗೊತ್ತಿಲ್ಲದೆ ಇಸಿಯು ಪೆಟ್ರೋಲ್ ಎಷ್ಟು ಚಿಮ್ಮಿಸಬೇಕೆಂದು ನಿರ್ಧರಿಸಲಾರದು. ಭಾರತದಲ್ಲಿ 2013ರ ಏಪ್ರಿಲ್ ನಂತರ ಗಾಡಿಯ ದೋಷ ತಿಳಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದ್ದರಿಂದ, ಅದರಿಂದೀಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೊಂದು 16 ಪಿನ್ನಿನ ಸಾಕೆಟ್ ಇರುತ್ತದೆ. ಐನೂರು-ಸಾವಿರ ರೂಪಾಯಿಗೆ ಸಿಗುವ ಬ್ಲೂಟೂತ್ ಡಾಂಗಲ್ ಚುಚ್ಚಿ, ಫೋನಿನಲ್ಲಿ ಆ್ಯಪ್ ಹಾಕಿಕೊಂಡರೆ ಐಎಟಿ ಎಂಬ ಹೆಸರಿನಲ್ಲಿ ಆ ಉಷ್ಣಾಂಶ ಕಾಣುತ್ತದೆ. ಪರದೆ ನೋಡುವ ಕೆಲಸ ಪಕ್ಕದಲ್ಲಿ ಕೂತವರದು.

ಸಂಖ್ಯೆ ಒಂದನ್ನೇ ನೋಡಿದರೆ ಅರ್ಥವಾಗುವುದಿಲ್ಲ. ಹೊರಗಿನ ಉಷ್ಣಾಂಶವನ್ನು ಅದರಿಂದ ಕಳೆಯಬೇಕು. ಸಿಗ್ನಲಿನಲ್ಲಿ ಐದು ನಿಮಿಷ ನಿಂತಾಗ ಐಎಟಿ ಸರಸರನೆ ಏರುವುದು ಸಹಜ. ಓಡತೊಡಗಿದ ಮೇಲೆ ಅದು ಎಷ್ಟು ಬೇಗ ಇಳಿಯುತ್ತದೆ, ಇಳಿದು ಎಲ್ಲಿ ನಿಲ್ಲುತ್ತದೆ ಎನ್ನುವುದೇ ಮುಖ್ಯ. ಹೆದ್ದಾರಿ ವೇಗದಲ್ಲಿ ಹೊರಗಿನದಕ್ಕಿಂತ ಐದಾರು ಡಿಗ್ರಿ ಮಾತ್ರ ಹೆಚ್ಚಿದ್ದರೆ ಕಂಪನಿ ಕೊಟ್ಟ ದಾರಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ಇಪ್ಪತ್ತು ಡಿಗ್ರಿ ಹೆಚ್ಚಿದ್ದರೆ ಎಂಜಿನ್ ಎಲ್ಲೋ ಬಾನೆಟ್ಟಿನೊಳಗಿನ ಗಾಳಿಯನ್ನೇ ಎಳೆಯುತ್ತಿದೆ.

ಇಲ್ಲಿ ಇನ್ನೊಂದು ಪುಟ್ಟ ಲೆಕ್ಕ ಬಹಳ ಖರ್ಚು ಉಳಿಸುತ್ತದೆ. 1.2 ಲೀಟರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಕಾಲು ಪೂರ್ತಿ ಒತ್ತಿದಾಗ ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಎಳೆಯುತ್ತದೆ. 60 ಮಿ.ಮೀ. ವ್ಯಾಸದ ಪೈಪಿನಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ಅರ್ಧ ಮೀಟರ್ ಪೈಪ್ ದಾಟಲು ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಪೈಪಿನ ಗೋಡೆ ಎಷ್ಟೇ ಬಿಸಿಯಿದ್ದರೂ ಗಾಳಿಗೆ ತಗುಲುವ ಶಾಖ ಸ್ವಲ್ಪವೇ. ಪೈಪಿಗೆ ಏನು ಸುತ್ತಿದ್ದೀರಿ ಎಂಬುದಕ್ಕಿಂತ ಪೈಪಿನ ಬಾಯಿ ಎಲ್ಲಿದೆ ಎಂಬುದು ಹೆಚ್ಚು ಮುಖ್ಯವಾಗುವುದು ಇದರಿಂದ. ಐಡ್ಲಿಂಗಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಆಗ ಎಂಜಿನ್ ಎಳೆಯುವುದು ಸೆಕೆಂಡಿಗೆ ಎರಡು-ಮೂರು ಲೀಟರ್. ಗಾಳಿ ಫಿಲ್ಟರ್ ಡಬ್ಬದೊಳಗೆ ಒಂದೆರಡು ಸೆಕೆಂಡ್ ತಂಗಿ, ಅಲ್ಲಿನ ಬಿಸಿಯನ್ನೆಲ್ಲ ಹೀರಿಕೊಂಡು ಒಳಹೋಗುತ್ತದೆ.

ಸಾವಿರ ರೂಪಾಯಿಯೊಳಗೆ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಹೊಸದೇನನ್ನೂ ಜೋಡಿಸುವುದಲ್ಲ, ಕಂಪನಿ ಕೊಟ್ಟದ್ದನ್ನು ಮೊದಲಿನಂತೆ ಕೂರಿಸುವುದು. ಈಚಿನ ಬಹುತೇಕ ಕಾರುಗಳಲ್ಲಿ ಇನ್‌ಟೇಕಿನ ಬಾಯಿ ಮುಂದಿನ ಗ್ರಿಲ್ ಹಿಂದೆಯೋ ಹೆಡ್‌ಲೈಟ್ ಪಕ್ಕದಲ್ಲೋ ಇರುತ್ತದೆ. ಬಂಪರ್ ರಿಪೇರಿಗೆಂದು ಬಿಚ್ಚಿದಾಗ ಈ ಮುಂದಿನ ತುಂಡು ಮುರಿಯುತ್ತದೆ, ಕ್ಲಿಪ್ ಕಳೆಯುತ್ತದೆ, ಕೆಲವೊಮ್ಮೆ ಅದು ಬೇಡವೆಂದು ಮೂಲೆಗೆ ಬೀಳುತ್ತದೆ. ಗಾಡಿ ಅದಿಲ್ಲದೆಯೂ ಸ್ಟಾರ್ಟ್ ಆಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲಿಂದಾಚೆಗೆ ಎಂಜಿನ್ ರೇಡಿಯೇಟರ್ ದಾಟಿ ಬಂದ ಗಾಳಿಯನ್ನೇ ಕುಡಿಯುತ್ತದೆ. ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ, ಈ ತುಂಡು ಹುಡುಕಿದರೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಎರಡನೆಯದು ಏರ್ ಫಿಲ್ಟರ್ ಡಬ್ಬದ ಮುಚ್ಚಳ. ನಾಲ್ಕು ಕ್ಲಿಪ್ಪಿನಲ್ಲಿ ಒಂದು ಹೋಗಿದ್ದರೂ ಅಂಚಿನಿಂದ ಗಾಳಿ ಒಳನುಗ್ಗುತ್ತದೆ. ಬಿಸಿ ಇಲ್ಲಿ ಚಿಕ್ಕ ತೊಂದರೆ. ಫಿಲ್ಟರ್ ದಾಟಿದ ಕಡೆ ಸಂದಿ ಇದ್ದರೆ ಹಳ್ಳಿ ರಸ್ತೆಯ ದೂಳು ಸೋಸದೆ ನೇರ ಸಿಲಿಂಡರಿಗೆ ಹೋಗಿ ಬೋರ್ ಸವೆಯುತ್ತದೆ. ಮುಚ್ಚಳದ ಒಳಗಡೆ, ಫಿಲ್ಟರಿನ ಮೇಲ್ಬದಿಯಲ್ಲಿ ಬಿಳಿ ಬಟ್ಟೆ ಒರೆಸಿ ನೋಡಿದರೆ ಸಾಕು, ಸೋರಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಸುಕ್ಕುಪೈಪಿನ ಮಡಿಕೆಗಳ ನಡುವೆ ಬಿರುಕು ಬಿಟ್ಟಿದೆಯೇ ಎಂದು ಬಗ್ಗಿಸಿ ನೋಡುವುದೂ ಇದೇ ಕೆಲಸದ ಭಾಗ.

ಮೂರನೆಯದು ಅಡ್ಡ ತಗಡು. ಕೆಲವು ಕಾರುಗಳಲ್ಲಿ ಫಿಲ್ಟರ್ ಡಬ್ಬ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಎದುರಿಗೇ ಇರುತ್ತದೆ. ಕೆಂಡದಂತೆ ಕಾದ ಆ ಕಬ್ಬಿಣದ ಝಳ ಗಾಳಿಯ ಹಂಗಿಲ್ಲದೆ ನೇರ ಬಂದು ಡಬ್ಬಕ್ಕೆ ಬಡಿಯುತ್ತದೆ. ಹೊಳಪಿರುವ ಅಲ್ಯೂಮಿನಿಯಂ ಇಂಥ ಝಳದ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ, ಅಂಚು ಮಡಿಸಿ, ಡಬ್ಬಕ್ಕೂ ಮ್ಯಾನಿಫೋಲ್ಡಿಗೂ ನಡುವೆ ನಿಲ್ಲಿಸಿದರೆ ಕೆಲಸವಾಯಿತು. ತಗಡು ಡಬ್ಬಕ್ಕೆ ಅಂಟಿರಬಾರದು, ನಡುವೆ ಒಂದು ಬೆರಳಿನಷ್ಟು ಜಾಗ ಇರಬೇಕು. ಅಂಟಿಸಿದರೆ ತಗಡು ಕಾದು ಆ ಬಿಸಿಯನ್ನೇ ಡಬ್ಬಕ್ಕೆ ದಾಟಿಸುತ್ತದೆ. ಬ್ಯಾಟರಿ ಟರ್ಮಿನಲ್, ವೈರು, ಬೆಲ್ಟುಗಳಿಂದ ದೂರ ಇಟ್ಟು, ಬೋಲ್ಟ್ ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಟ್ಟಿದ್ದು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸೀಳಿ ತಗಡು ಫ್ಯಾನಿಗೆ ಬೀಳುವ ಅಪಾಯವಿದೆ.

ನಾಲ್ಕನೆಯದು ಸುತ್ತುವ ಕೆಲಸ. ಎ.ಸಿ. ಕೊಳವೆಗಳಿಗೆ ಹಾಕುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆಯನ್ನು ಡಬ್ಬದ ಹೊರಮೈಗೆ ಅಂಟಿಸಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಬಹುದು. ಹೆದ್ದಾರಿಯಲ್ಲಿ ಇದರಿಂದ ಹೆಚ್ಚೇನೂ ಸಿಗದು. ಊರೊಳಗೆ ನಿಂತು ನಿಂತು ಹೋಗುವವರಿಗೆ ಡಬ್ಬ ಬಿಸಿಯಾಗುವುದು ತಡವಾಗುತ್ತದೆ. ಆದರೆ ಅದು ಒಮ್ಮೆ ಕಾದರೆ ಆರುವುದೂ ತಡ. ಥರ್ಮಾಕೋಲ್, ಬಟ್ಟೆ, ತೆಂಗಿನ ನಾರು ಮುಂತಾದವನ್ನು ಬಾನೆಟ್ಟಿನೊಳಗೆ ತರಲೇಬಾರದು, ಒಂದು ಕಿಡಿ ಸಾಕು.

ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪನಿ 1966ರಲ್ಲಿ ತನ್ನ 442 ಕಾರಿಗೆ ಡಬ್ಲ್ಯು-30 ಎಂಬ ಪ್ಯಾಕೇಜ್ ತಂದಾಗ ಮಾಡಿದ್ದು ಹೆಚ್ಚುಕಡಿಮೆ ಮೇಲಿನ ಮೊದಲನೆಯ ಕೆಲಸದ ಜಾತಿಯದ್ದೇ. ಕಾರಿನ ಮೂತಿಯಿಂದ ದಪ್ಪ ಕೊಳವೆಗಳನ್ನು ಎಳೆದು ಫಿಲ್ಟರಿಗೆ ಜೋಡಿಸಿದರು. ಕೊಳವೆಗೆ ಜಾಗ ಸಾಲದೆ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರು. ರೇಸಿಗೆಂದೇ ಹೊರಟ ಕಂಪನಿಯೂ ತಂಪು ಗಾಳಿಗಾಗಿ ಮೊದಲು ಬದಲಿಸಿದ್ದು ಬಾಯಿಯ ಜಾಗವನ್ನು.

ಟರ್ಬೊ ಇದ್ದರೆ

ಟರ್ಬೊ ಇರುವ ಕಾರುಗಳಲ್ಲಿ ಲೆಕ್ಕ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ಕಳಿಸುತ್ತದೆ, ಒತ್ತಿದ ಗಾಳಿ ಕಾಯುತ್ತದೆ. 35 ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ತಂದರೆ ಅದು ಹೊರಬರುವಾಗ 130 ಡಿಗ್ರಿಯ ಹತ್ತಿರ ಇರುತ್ತದೆ. ಅದನ್ನು ತಣಿಸಲಿಕ್ಕೇ ಇಂಟರ್‌ಕೂಲರ್ ಇರುವುದು. ಮಹೀಂದ್ರ ಸ್ಕಾರ್ಪಿಯೊ, ಹಳೆಯ ಟೊಯೊಟ ಫಾರ್ಚುನರ್ ಬಾನೆಟ್ ಮೇಲೆ ಕಾಣುವ ಅಗಲ ಬಾಯಿ ಅಲಂಕಾರಕ್ಕಲ್ಲ, ಕೆಳಗಿರುವ ಇಂಟರ್‌ಕೂಲರಿಗೆ ಗಾಳಿ ಬಡಿಯಲೆಂದು.

ಇಂಥವುಗಳಿಗೆ ಮನೆಯ ಕೈಕೆಲಸವೆಂದರೆ ಮೊದಲು ಸ್ವಚ್ಛತೆ. ಜಾಲರಿಯಲ್ಲಿ ಸಿಕ್ಕಿದ ಹುಳ, ಒಣಹುಲ್ಲು, ಕೆಸರನ್ನು ಹದವಾದ ನೀರಿನಿಂದ ತೊಳೆದು, ಬಾಗಿದ ಫಿನ್ನುಗಳನ್ನು ನೆಟ್ಟಗೆ ಮಾಡಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ನುಗಳು ಇನ್ನಷ್ಟು ಮಡಿಚಿಕೊಳ್ಳುತ್ತವೆ. ಬಾನೆಟ್ಟಿನ ಬಾಯಿಗೂ ಇಂಟರ್‌ಕೂಲರಿಗೂ ನಡುವಿನ ರಬ್ಬರ್ ಅಂಚು ಹರಿದಿದ್ದರೆ ಬದಲಿಸಬೇಕು, ಇಲ್ಲವಾದರೆ ಬಂದ ಗಾಳಿ ಪಕ್ಕದಿಂದ ಜಾರಿಹೋಗುತ್ತದೆ.

ಇನ್ನೂ ಮುಂದೆ ಹೋಗುವವರು ವೈಪರ್ ನೀರಿನ ಮೋಟಾರಿನಂಥದ್ದೇ ಒಂದನ್ನು ಜೋಡಿಸಿ ಇಂಟರ್‌ಕೂಲರಿನ ಮೇಲೆ ನೀರು ಸಿಂಪಡಿಸುತ್ತಾರೆ. ಇದು ಹುಚ್ಚು ಯೋಚನೆಯಲ್ಲ. ಮಿತ್ಸುಬಿಶಿ ಲ್ಯಾನ್ಸರ್ ಎವಲ್ಯೂಶನ್, ಸುಬಾರು ಇಂಪ್ರೆಜ ಎಸ್‌ಟಿಐ ಕಾರುಗಳಿಗೆ ಕಂಪನಿಯೇ ಇಂಥ ವ್ಯವಸ್ಥೆ ಕೊಟ್ಟಿತ್ತು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ತೊಡಕಿರುವುದು ನೀರಿನಲ್ಲಿ. ತುಮಕೂರು ಸೀಮೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರವೇ ಜಾಲರಿಗೂ ಕಟ್ಟಿ, ಕೆಲವೇ ತಿಂಗಳಲ್ಲಿ ಮೊದಲಿಗಿಂತ ಕಡಿಮೆ ತಣಿಯುವಂತೆ ಮಾಡುತ್ತದೆ. ಮಳೆನೀರು, ಡಿಸ್ಟಿಲ್ಡ್ ನೀರು, ಇಲ್ಲವೇ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಸೋಸಿ ಬಳಸಿದರೆ ಆ ತೊಂದರೆ ಇಲ್ಲ.

ಕೈ ಇಡಬಾರದ ಕಡೆ

ತೆರೆದ ಕೋನ್ ಫಿಲ್ಟರ್ ಈ ಪಟ್ಟಿಯಲ್ಲಿ ಮೊದಲು. ಮುಚ್ಚಿದ ಡಬ್ಬ ತೆಗೆದು ಇದನ್ನು ಹಾಕಿದಾಗ ಎಂಜಿನ್ ಗುರುಗುಟ್ಟುವ ಸದ್ದು ಜೋರಾಗಿ, ಪಿಕಪ್ ಹೆಚ್ಚಿದೆ ಎಂದೇ ಕಿವಿ ನಂಬುತ್ತದೆ. ನಿಜದಲ್ಲಿ ಅದು ಬಾನೆಟ್ಟಿನ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತಿರುತ್ತದೆ. ಐಎಟಿ ನೋಡಿದರೆ ಸುಳ್ಳು ಬಯಲಾಗುತ್ತದೆ. ಎಣ್ಣೆ ಸವರಿದ ಫಿಲ್ಟರುಗಳಲ್ಲಿ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರಿನ ಸೂಕ್ಷ್ಮ ತಂತಿಗೆ ಅಂಟಿ ಲೆಕ್ಕ ತಪ್ಪುತ್ತದೆ.

ಐಎಟಿ ಸೆನ್ಸರಿನ ವೈರಿಗೆ ಹತ್ತು ರೂಪಾಯಿಯ ರೆಸಿಸ್ಟರ್ ಜೋಡಿಸುವುದು ಎರಡನೆಯದು. ಆನ್‌ಲೈನಿನಲ್ಲಿ ಇದನ್ನೇ ಪವರ್ ಚಿಪ್ ಎಂದು ನೂರಾರು ರೂಪಾಯಿಗೆ ಮಾರುತ್ತಾರೆ. ಗಾಳಿ ತಂಪಾಗುವುದಿಲ್ಲ, ತಂಪಾಗಿದೆ ಎಂದು ಇಸಿಯು ಮೋಸಹೋಗುತ್ತದೆ. ನಂಬಿದ ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಕಿಡಿಯನ್ನು ಮುಂಚಿತವಾಗಿ ಹಾರಿಸುತ್ತದೆ. ನಾಕಿಂಗ್ ಹೆಚ್ಚುತ್ತದೆ, ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವ ದಾರಿ ತೆರೆಯುತ್ತದೆ. ಪೈಪಿನೊಳಗೆ ಕೂರಿಸುವ, ತಾನಾಗಿ ತಿರುಗುವ ಪುಟ್ಟ ಫ್ಯಾನುಗಳದ್ದೂ ಇದೇ ಹಣೆಬರಹ. ಗಾಳಿಗೆ ಅವು ಅಡ್ಡಿಯಾಗುತ್ತವೆಯೇ ಹೊರತು ನೆರವಾಗುವುದಿಲ್ಲ.

ಬಾನೆಟ್ಟಿನ ಹಿಂಜಿಗೆ ವಾಷರ್ ಹಾಕಿ ಹಿಂದಿನ ಅಂಚನ್ನು ಎತ್ತುವವರೂ ಇದ್ದಾರೆ. ಬಿಸಿ ಹೊರಹೋಗಲಿ ಎಂಬುದು ಉದ್ದೇಶ. ಆದರೆ ಕಾರು ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು, ಅಲ್ಲಿಂದ ಗಾಳಿ ಒಳನುಗ್ಗುತ್ತದೆ. ಎಂಜಿನ್ ವಾಸನೆ ಎ.ಸಿ. ಮೂಲಕ ಕ್ಯಾಬಿನ್ನಿಗೆ ಬರುವುದು, ಬಾನೆಟ್ ಲಾಕ್ ಸರಿಯಾಗಿ ಕೂರದಿರುವುದು ಮೇಲಿನ ಕೊಡುಗೆ.

ಪಂಪ್‌ಸೆಟ್ಟಿನ ಸಕ್ಷನ್ ಪೈಪಿನ ತುಂಡನ್ನು ಇನ್‌ಟೇಕಿಗೆ ಜೋಡಿಸುವ ಯೋಚನೆ ತೋಟದ ಊರಿನಲ್ಲಿ ಯಾರಿಗಾದರೂ ಬರಬಹುದಾದದ್ದೇ. ಒಳಗಿನ ಸುರುಳಿಯಿಂದಾಗಿ ಎಳೆತಕ್ಕೆ ಅದು ಚಪ್ಪಟೆಯಾಗುವುದಿಲ್ಲ ಎಂಬುದು ನಿಜ. ಆದರೆ ಪಿವಿಸಿ 70-80 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ, ಎಂಜಿನ್ ಪಕ್ಕದಲ್ಲಿ ಆ ಬಿಸಿ ಮಾಮೂಲು. ಗ್ರಿಲ್ ಹಿಂದಿನ ತಣ್ಣನೆಯ ಜಾಗದಲ್ಲಿ ಒಂದು ಗೇಣು ಬಳಸಬಹುದು. ಎಂಜಿನ್ ಕಡೆಗೆ ರಬ್ಬರ್ ಇಲ್ಲವೇ ಸಿಲಿಕೋನ್ ಹೋಸ್ ಬೇಕು.

ಪೈಪಿನ ವಿಷಯದಲ್ಲಿ ಪ್ಲಾಸ್ಟಿಕ್ ಕೀಳು, ಹೊಳೆಯುವ ಅಲ್ಯೂಮಿನಿಯಂ ಮೇಲು ಎಂಬ ಭಾವನೆಯೂ ತಪ್ಪು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಅಶ್ವ ರೇಸಿಂಗ್ ತಂಡ 2003ರಿಂದ ಫಾರ್ಮುಲಾ ಸ್ಟೂಡೆಂಟ್ ಎಂಬ ವಿದ್ಯಾರ್ಥಿ ಸ್ಪರ್ಧೆಯ ಮಾದರಿಯ ರೇಸ್ ಕಾರುಗಳನ್ನು ತಾನೇ ಕಟ್ಟುತ್ತ ಬಂದಿದೆ. ಆ ಸ್ಪರ್ಧೆಯ ನಿಯಮದಂತೆ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ಕಿಂಡಿಯಲ್ಲಿ ಹಾದುಹೋಗಬೇಕು. ಹಾಗಾಗಿ ಗಾಳಿಯ ಒಂದೊಂದು ಗ್ರಾಮಿಗೂ ಬೆಲೆ. ಜಗತ್ತಿನ ಇಂಥ ತಂಡಗಳು ಇನ್‌ಟೇಕನ್ನು ಕಾರ್ಬನ್ ಫೈಬರಿನಲ್ಲೋ ಪ್ಲಾಸ್ಟಿಕ್ ತ್ರೀಡಿ ಪ್ರಿಂಟಿಂಗಿನಲ್ಲೋ ಮಾಡಿಕೊಳ್ಳುವುದು ಸಾಮಾನ್ಯ. ಹಗುರ, ಬೇಕಾದ ಆಕಾರ ಬರುತ್ತದೆ, ಜೊತೆಗೆ ಲೋಹದಷ್ಟು ಸುಲಭವಾಗಿ ಶಾಖ ದಾಟಿಸುವುದಿಲ್ಲ.

ಬಾಯಿ ಕೆಳಗಿಳಿಸಿದರೆ

ತಂಪು ಗಾಳಿಯ ಆಸೆಗೆ ಪೈಪನ್ನು ಬಂಪರಿನ ಕೆಳಗಿನ ಕಿಂಡಿಯವರೆಗೆ ಇಳಿಸುವುದು ಎಲ್ಲಕ್ಕಿಂತ ದುಬಾರಿಯಾಗಬಲ್ಲ ಕೆಲಸ. ಬೇಸಿಗೆಯಲ್ಲಿ ಐಎಟಿ ಚೆನ್ನಾಗಿಯೇ ಇಳಿಯುತ್ತದೆ, ಮಾಲೀಕನಿಗೆ ಖುಷಿಯಾಗುತ್ತದೆ. ಮಳೆಗಾಲ ಬರುತ್ತದೆ. ಜೋರು ಮಳೆಗೆ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಲ್ಲುವುದು ಶೆಟ್ಟಿಹಳ್ಳಿಯವರಿಗೆ ಹೊಸದಲ್ಲ. ಆ ನೀರಿನಲ್ಲಿ ಕಾರು ಇಳಿದಾಗ ಮುಂದೆ ಏಳುವ ಅಲೆ ಬಂಪರಿನ ಎತ್ತರ ಮುಟ್ಟುತ್ತದೆ.

ಸಿಲಿಂಡರಿನೊಳಗೆ ನೀರು ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಅಂಕಿ ಸಾಕು. ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಗಾತ್ರ 300 ಮಿಲಿ. ಕಂಪ್ರೆಶನ್ ಅನುಪಾತ 11 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 30 ಮಿಲಿ. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ನಿಗೆ ಮೇಲೆ ಹೋಗಲು ಎಡೆಯೇ ಇಲ್ಲ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡ್. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಮುಳುಗಿದ ಕಾರುಗಳ ಚಿತ್ರ ದೇಶವೆಲ್ಲ ನೋಡಿತು. ನೀರು ಹೊಕ್ಕ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಕೆಡಿಸಿಕೊಂಡರೆ ಸಾಮಾನ್ಯ ವಿಮೆ ಆ ನಷ್ಟವನ್ನು ತುಂಬಿಕೊಡುವುದು ಕಷ್ಟ. ಅದಕ್ಕೆಂದೇ ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಮಾರುತ್ತಾರೆ. ಕಂಪನಿಯ ಎಂಜಿನಿಯರುಗಳು ಇನ್‌ಟೇಕಿನ ಬಾಯಿಯನ್ನು ಬಾನೆಟ್ಟಿನ ಅಂಚಿನಷ್ಟು ಎತ್ತರದಲ್ಲಿ ಇಟ್ಟಿರುವುದಕ್ಕೆ ಕಾರಣವಿದೆ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮುರಿದ ಕ್ಲಿಪ್ ಹಾಕಿಸುವುದು ರಿಪೇರಿ. ಫಿಲ್ಟರ್ ಡಬ್ಬವನ್ನೇ ಕಿತ್ತು ಬೇರೆಯದನ್ನು ಕೂರಿಸುವುದು, ಸೆನ್ಸರಿನ ವೈರು ಕತ್ತರಿಸುವುದು ರಿಪೇರಿಯಲ್ಲ. ವಾರಂಟಿ ಇರುವ ಕಾರಿನಲ್ಲಿ ಈ ವ್ಯತ್ಯಾಸ ಇನ್ನೂ ಬೇಗ ಅನುಭವಕ್ಕೆ ಬರುತ್ತದೆ.

ಕೆಲಸವೆಲ್ಲ ಮುಗಿದ ಮೇಲೆ ಮತ್ತೆ ಅಳೆಯಬೇಕು. ಅದೇ ರಸ್ತೆ, ಅದೇ ಹೊತ್ತು, ಅದೇ ಗೇರು, ಎ.ಸಿ. ಮೊದಲಿನ ಸಲ ಇದ್ದಂತೆಯೇ. ಬೆಳಗಿನ ತಂಪಿನಲ್ಲಿ ಅಳೆದು ಮಧ್ಯಾಹ್ನದ ಹಳೆಯ ಸಂಖ್ಯೆಗೆ ಹೋಲಿಸಿದರೆ ತಗಡಿಗೆ ಸಲ್ಲಬೇಕಾದ ಶ್ರೇಯ ಸೂರ್ಯನಿಗೆ ಹೋಗುತ್ತದೆ, ಇಲ್ಲವೇ ಸೂರ್ಯನದು ತಗಡಿಗೆ. ಹೊರಗಿನ ಉಷ್ಣಾಂಶ ಕಳೆದ ಮೇಲೆ ಉಳಿಯುವ ಅಂತರ ಇಪ್ಪತ್ತರಿಂದ ಎಂಟಕ್ಕೆ ಇಳಿದಿದ್ದರೆ ಕ್ಲಿಪ್ಪು, ತಗಡು, ಟೇಪಿಗೆ ಹಾಕಿದ ಹಣ ವಸೂಲಾಯಿತು ಎಂದು ತಿಳಿಯಬಹುದು. ಎಂಟನ್ನು ಐದಕ್ಕೆ ಇಳಿಸಲು ಇನ್ನೊಂದು ಸಾವಿರ ಸುರಿದರೆ ಸಿಗುವುದು ಶೇ ಒಂದಕ್ಕಿಂತ ಕಡಿಮೆ ಶಕ್ತಿ. ಅಷ್ಟೇ ದುಡ್ಡಿನಲ್ಲಿ ಹೊಸ ಏರ್ ಫಿಲ್ಟರ್ ಬರುತ್ತದೆ, ನಾಲ್ಕೂ ಚಕ್ರದ ಅಲೈನ್‌ಮೆಂಟ್ ಕೂಡ ಆಗುತ್ತದೆ.